ಗಾಳಾ ಹೋಗಿ ಗಹಾಣ ಬಂದ ಮನೆ

ಮನೆ-ಜಾಗಗಳ ದಾಖಲೆ ಕಾಯುವ ಕಚೇರಿಯ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಕಚೇರಿಯ ಪುಸ್ತಕದಲ್ಲಿ ಒಂದು ಶಬ್ದ ತಪ್ಪಾಗಿದೆ. ಆ ಒಂದು ಶಬ್ದದ ಸಲುವಾಗಿ ನನ್ನ ತಮ್ಮನ ಮಗಳು ಸುಗಂಧಾ ಕೊಳ್ಳಲು ಹೊರಟ ಮನೆ ಅವಳ ಕೈತಪ್ಪಿ ಹೋಗುತ್ತಿದೆ. ಫೆಬ್ರುವರಿ ಹನ್ನೆರಡಕ್ಕೆ ಕರಾರಿನ ಮುದ್ದತು ಮುಗಿಯುತ್ತದೆ. ಇವತ್ತು ಜನವರಿ ಇಪ್ಪತ್ತೊಂದು. ಎರಡು ಅರ್ಜಿಗಳನ್ನು ರಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಮುಟ್ಟಿತು ಎಂದು ಶಿಕ್ಕಾ ಹೊಡೆದ ಕಾರ್ಡು ಎರಡೂ ಸಲ ಮರಳಿ ಬಂತು, ಉತ್ತರ ಮಾತ್ರ ಬರಲಿಲ್ಲ. ಅದಕ್ಕೇ ಈ ಮೂರನೆಯದನ್ನು ಹತ್ತು ಮಂದಿ ಓದುವಂತೆ ಪತ್ರಿಕೆಗೆ ಕಳಿಸುತ್ತಿದ್ದೇನೆ. ನಿಮ್ಮ ಹೆಸರು ಬರೆದಿಲ್ಲ. ಆ ಮನೆ ಇರುವ ಊರಿನ ಹೆಸರನ್ನೂ ಬರೆದಿಲ್ಲ; ಬರೆದರೆ ನಾಳೆ ಆ ಮನೆಯನ್ನು ಯಾರೂ ಮೂಸಿ ನೋಡುವುದಿಲ್ಲ. ಮಾರುವವನೂ ನಮ್ಮ ಹಾಗೆಯೇ ಬಡಪಾಯಿ.

ಅರವತ್ತು ವರ್ಷದಿಂದ ಬಂಧು-ಬಳಗಕ್ಕೆ ಪತ್ರ ಬರೆಯುತ್ತ ಬಂದ ಕೈ ಇದು. ಅದರಲ್ಲಿ ಮೊದಲು ಆರೋಗ್ಯ, ಆಮೇಲೆ ಮಳೆ-ಬೆಳೆ, ಆಮೇಲೆ ವಿಷಯ. ನಿಮಗೆ ಹಾಗೆ ಬರೆಯುವಷ್ಟು ದಿನ ಉಳಿದಿಲ್ಲ, ಕ್ಷಮಿಸಿ.

ಸುಗಂಧಾ ಮತ್ತು ಅವಳ ಗಂಡ ಧನಪಾಲ ಖಾರ ಕುಟ್ಟುವ ಮಷೀನು ಇಟ್ಟಿದ್ದಾರೆ. ಮೆಣಸಿನಕಾಯಿ, ಅರಿಷಿಣ, ಮಸಾಲೆ ಕುಟ್ಟಿ ಕೊಡುತ್ತಾರೆ. ಕುಡಚಿಯಲ್ಲಿ ಐದು ವರ್ಷಕ್ಕೆ ಮೂರು ಬಾಡಿಗೆ ಮನೆ ಬದಲಿಸಿದರು. ಖಾರ ಎಲ್ಲರಿಗೂ ಬೇಕು, ಅದರ ಘಾಟು ಯಾರಿಗೂ ಬೇಡ. ಮೂರನೆಯ ಮನೆಯ ಮಾಲಕ ತುಕಾರಾಮ ಒಳ್ಳೆಯ ಮನುಷ್ಯ, ಆದರೆ ಸೀನಿ ಸೀನಿ ಅವನ ಒಳ್ಳೆಯತನವೂ ಮುಗಿಯಿತು. "ಏನ್ ತಂಗೀ, ಹೆಸರು ಸುಗಂಧಾ, ಘಾಟ ನೋಡಿದ್ರ ಓಣಿ ತುಂಬ! ನಮ್ಮ ಎಮ್ಮಿ ಸುದ್ದಾ ಸೀನಾಕತ್ತೈತಿ. ದೀಪಾವಳಿ ತನಕಾ ನೋಡ್ತೀನಿ, ಆಮ್ಯಾಲ ನನ್ನ ಮನಿ ನನಗ ಬಿಡ್ರಿ" ಎಂದ. ದೀಪಾವಳಿ ಆಯಿತು, ಮನೆ ಬಿಟ್ಟರು. ಈಗ ಮಷೀನು ನನ್ನ ದನದ ಕೊಟ್ಟಿಗೆಯಲ್ಲಿ ತಾಡಪತ್ರಿ ಹೊದ್ದು ಕೂತಿದೆ. ಅವರಿಬ್ಬರೂ ನನ್ನ ಪಡಸಾಲೆಯಲ್ಲಿದ್ದಾರೆ. ವರ್ಷದ ಖಾರ ಕುಟ್ಟಿಸುವ ಕಾಲ ಇನ್ನು ಒಂದೇ ತಿಂಗಳಿಗೆ ಶುರುವಾಗುತ್ತದೆ. ಆ ಮೂರು ತಿಂಗಳು ತಪ್ಪಿದರೆ ವರ್ಷವೇ ತಪ್ಪಿದಂತೆ.

ಹೀಗಿರುವಾಗ ಭರಮು ಎಂಬವನು ಮಾರಲು ಇಟ್ಟ ಮನೆ ಕಣ್ಣಿಗೆ ಬಿತ್ತು. ಪೇಟೆಯ ಕೊನೆಯ ಮನೆ, ಆಚೆ ಬಯಲು. ಸೀನುವುದಕ್ಕೆ ಮಗ್ಗುಲಲ್ಲಿ ಯಾರೂ ಇಲ್ಲ. ಹಿಂದೆ ಎರಡು ಖೋಲಿ, ಅಡಿಗೆಮನೆ. ಮುಂದೆ ರಸ್ತೆಗೆ ಬಾಯಿ ತೆರೆದ ಅಂಗಡಿ ಖೋಲಿ. ನಮ್ಮ ಕಡೆ ಅದಕ್ಕೆ ಗಾಳಾ ಅನ್ನುತ್ತಾರೆ. ಸಾಗವಾನಿ ಹಲಗೆಗಳ ಬಾಗಿಲು, ಒಂದೊಂದೇ ಹಲಗೆ ಕಿತ್ತು ಗೋಡೆಗೆ ಒರಗಿಸಿಡುವಂಥದು. ಸುಗಂಧಾ ಒಳಗೆ ಕಾಲಿಟ್ಟವಳೇ ಮಷೀನು ಎಲ್ಲಿ ಕೂರಬೇಕೆಂದು ಕಾಲಿನಿಂದ ಗೆರೆ ಎಳೆದಳು. ಮರುದಿನವೇ ಸಂಚಕಾರ ಕೊಟ್ಟರು. ಸಂಚಕಾರ ಎಂದರೆ ಖರೀದಿ ಗಟ್ಟಿ ಮಾಡಲು ಮುಂಗಡ ಕೊಡುವ ಹಣ. ಜೀವಕ್ಕೆ ಬಂದ ಕುತ್ತಿಗೂ ಅದೇ ಶಬ್ದ. ನಮ್ಮ ಹುಡುಗಿ ಮೊದಲನೆಯದನ್ನು ಕೊಟ್ಟು ಎರಡನೆಯದನ್ನು ತಂದುಕೊಂಡಳು.

ಯಾಕೆಂದರೆ ನಿಮ್ಮ ಕಚೇರಿಯಿಂದ ತಂದ ಉತಾರದಲ್ಲಿ, ಅಂದರೆ ದಾಖಲೆಯ ನಕಲಿನಲ್ಲಿ, ಹೀಗಿತ್ತು: "ರಸ್ತೆ ಕಡೆಯ ಗಹಾಣ ಸಹಿತ ಮನೆ." ಗಹಾಣ, ಅಂದರೆ ಅಡವು! ನಾನು, ಸುಗಂಧಾ, ಭರಮು ಮೂವರೂ ಕಚೇರಿಗೆ ಬಂದೆವು. ನಿಮ್ಮ ಗುಮಾಸ್ತರ ಜೊತೆ ಆದ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

"ಗಹಾಣ ಬಿಡಿಸಿದ ಕಾಗದ ತರ್ರಿ, ಸಾಫ್ ಉತಾರ ಕೊಡ್ತೀವಿ."

"ಯಾರ ಹಂತ್ಯಾಕ ಗಹಾಣ ಇಟ್ಟಾರಂತ ಬರದೈತ್ರಿ?" ಅಂದೆ.

"ಅದೇನ್ ಬರದಿಲ್ರಿ ಆಯಿ."

"ಎಷ್ಟಕ್ಕ ಇಟ್ಟಾರ?"

"ಅದೂ ಇಲ್ರಿ."

"ಮತ್ತ ಬಿಡಿಸಿದ ಕಾಗದ ಯಾರ ಕಡಿಂದ ತರೂದಪಾ?"

"ಅದನ್ನ ನೀವ ಹುಡುಕಬೇಕ್ರಿ. ನಮ್ಮ ಕೆಲಸಾ ಅಲ್ಲ ಅದು."

ಭರಮು ಪಾಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. "ಸಾಹೇಬ್ರ, ನಮ್ಮ ಅಜ್ಜ ಬೀಡಿ ಸೇದಾಕ ಸುದ್ದಾ ಬ್ಯಾರೇದವರ ಕಡ್ಡಿಪೆಟ್ಟಿಗಿ ಕೇಳಾಂವಲ್ಲ. ಅಂವ ಮನಿ ಗಹಾಣ ಇಟ್ಟಾನಂದ್ರ ಸ್ವರ್ಗದಾಗಿಂದ ಇಳದ ಬಂದ ಬಡೀತಾನ್ರಿ" ಎಂದ. ಕಚೇರಿಯೆಲ್ಲ ನಕ್ಕಿತು. ನಮಗೆ ನಗು ಬರಲಿಲ್ಲ.

ಮಾನ್ಯರೇ, ಸಾಲ ಕೊಟ್ಟವನಿಲ್ಲ, ಮೊತ್ತವಿಲ್ಲ, ತಾರೀಖಿಲ್ಲ. ಐವತ್ತಾರು ವರ್ಷ ಯಾರೂ ಬಂದು ಕೇಳಿಲ್ಲ. ಇಂಥ ಅಡವನ್ನು ಜಗತ್ತಿನಲ್ಲಿ ಇನ್ನಾವ ಕಚೇರಿಯಾದರೂ ಇಷ್ಟು ಜತನದಿಂದ ಕಾಪಾಡಿಕೊಂಡು ಬಂದಿದೆಯೇ?

ಮೂಲ ದಾಖಲೆ ತೋರಿಸಿ ಎಂದೆ. ಗುಮಾಸ್ತರು ಬೇಸರಪಟ್ಟರೂ ತೋರಿಸಿದರು, ಸುಳ್ಳು ಹೇಳಬಾರದು. ಸಾವಿರದ ಒಂಬೈನೂರ ಮೂವತ್ತೆಂಟರ ಕಾಗದ, ಮೋಡಿ ಲಿಪಿಯ ಮರಾಠಿ. ಮೋಡಿ ಬರೆಯುವವರು ಲೇಖಣಿ ಎತ್ತುವುದಿಲ್ಲ. ಅಕ್ಷರಗಳೆಲ್ಲ ಕೈಕೈ ಹಿಡಿದು ಹೋಗುತ್ತವೆ, ಶಬ್ದದ ನಡುವೆ ಸಂದು ಇರುವುದಿಲ್ಲ. ನಾನು ಬೆರಳಿಟ್ಟು ಓದಿದೆ: "ರಸ್ತ್ಯಾಕಡೀಲ ಗಾಳ್ಯಾಸಹ ಘರ." ರಸ್ತೆ ಕಡೆಯ ಗಾಳಾ ಸಹಿತ ಮನೆ! ಹಳೆಯ ದಫ್ತರಗಳನ್ನು ಕನ್ನಡಕ್ಕೆ ಇಳಿಸುವಾಗ ಯಾರೋ ಪುಣ್ಯಾತ್ಮರು "ಗಾಳ್ಯಾಸಹ" ಎಂಬುದನ್ನು "ಗಹಾಣಸಹ" ಎಂದು ಓದಿಕೊಂಡಿದ್ದಾರೆ. ಒಂದು ಶಬ್ದ ಕೆಟ್ಟು ಅಂಗಡಿ ಹೋಯಿತು, ಸಾಲ ಬಂತು. ನಿಮ್ಮ ಪುಸ್ತಕದ ಪ್ರಕಾರ ಈಗ ಆ ಮನೆಗೆ ಇಲ್ಲದ ಸಾಲವಿದೆ, ಇರುವ ಅಂಗಡಿಯಿಲ್ಲ. ಮಷೀನಿನ ಕರೆಂಟಿಗೆ, ಧಂದೆಯ ಪರವಾನಿಗೆಗೆ ಅರ್ಜಿ ಹಾಕಿದರೆ ಅಲ್ಲಿಯೂ ಕೇಳುತ್ತಾರೆ: ದಾಖಲೆಯಲ್ಲಿ ಅಂಗಡಿ ಎಲ್ಲಿದೆ?

ಗುಮಾಸ್ತರು ಕೇಳಿದರು, "ಆಯಿ, ನಿಮಗ ಮೋಡಿ ಓದಾಕ ಬರತೈತಿ ಅಂತ ಸರ್ಟಿಫಿಕೇಟ್ ಐತೇನ್ರಿ?"

"ಇಲ್ಲಪಾ."

"ಹಂಗಾರ ನೀವು ಓದಿದ್ದು ಓದಿದಂಗಲ್ರಿ."

"ಈ ಕಚೇರ್ಯಾಗ ಯಾರಿಗಿ ಬರತೈತಿ?"

"ಯಾರಿಗೂ ಬರೂದಿಲ್ರಿ. ಬರದಿದ್ರ ಏನಾತು, ಕನ್ನಡ ನಕಲು ಐತೆಲ್ಲ!"

ನಾನು ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು. ಸಾಂಗಲಿ ಕಡೆಯ ಬೀಗರು ಮೋಡಿಯಲ್ಲಿ ಪತ್ರ ಬರೆಯುತ್ತಿದ್ದರು. ಓಣಿಯಲ್ಲಿ ಅದನ್ನು ಓದಬಲ್ಲವರು ಒಬ್ಬರೇ. ಅವರು ನಮ್ಮ ಮನೆಯ ಪತ್ರ ಓದಿ ಹೇಳುವಷ್ಟರಲ್ಲಿ ನಮ್ಮ ಮನೆಯ ಸುದ್ದಿ ಊರೆಲ್ಲ ಆಗಿರುತ್ತಿತ್ತು. ಆ ಸಿಟ್ಟಿಗೆ ಹಳೆಯ ಪತ್ರಗಳನ್ನು ಹರವಿಕೊಂಡು ನಾನೇ ಕಲಿತೆ. ಆಮೇಲೆ ಎಷ್ಟು ಮನೆಯ ಲಗ್ನ, ಹೆರಿಗೆ, ಸಾವಿನ ಪತ್ರಗಳನ್ನು ಓದಿ ಹೇಳಿದ್ದೇನೋ ಲೆಕ್ಕವಿಲ್ಲ. ನಾನು ತಪ್ಪು ಓದಿದ್ದಕ್ಕೆ ಯಾರೂ ಲಗ್ನ ಮುಗಿದ ಮರುದಿನ ಬುತ್ತಿ ಕಟ್ಟಿಕೊಂಡು ಹೋಗಲಿಲ್ಲ. ಇದಕ್ಕೆ ಸರ್ಟಿಫಿಕೇಟು ಯಾರು ಕೊಡಬೇಕು? ಓದಲು ಬಾರದ ನೀವೇ?

ಮನೆಗೆ ಬಂದು ಕೂತು ವಿಚಾರ ಮಾಡಿದೆವು. ಧನಪಾಲ ಹೆದರಿದ್ದಾನೆ. ಅವನದು ತಪ್ಪಲ್ಲ. "ಬಾಡಗಿ ಮನಿ ಬಿಡಿಸಿದ್ರ ಮಷೀನ ಎತ್ಕೊಂಡ್ ಹೊಂಟ್ವಿ. ಸ್ವಂತ ಮನೀನ ಹೋದ್ರ ಏನ್ ಎತ್ಕೊಂಡ್ ಹೋಗೂದು? ನಾಳೆ ಯಾವನರೆ ಬಂದು ಗಹಾಣ ನಂದು ಅಂದ್ರ?" ಎಂದ.

"ಐವತ್ತಾರು ವರ್ಷ ಬರದಾಂವ ನಾವು ಮಷೀನ ಹೂಡೂದನ್ನ ಕಾಯಾಕತ್ತಾನೇನ್ರಿ?" ಎಂದಳು ಸುಗಂಧಾ.

"ಸರಕಾರದ ಕಾಗದದಾಗ ಬರದೈತಿ ನೋಡ. ಅದನ್ನ ಹಿಡಕೊಂಡ್ ಯಾಂವ ಬೇಕಾದಾಂವ ಬರಬಹುದು."

ಇಬ್ಬರದೂ ಖರೆ. ಮನೆ ಬೇರೆ, ಅಂಗಡಿ ಬೇರೆ ಇದ್ದವರಿಗೆ ಒಂದು ಹೋದರೆ ಇನ್ನೊಂದು ಉಳಿದೀತು. ಮಲಗುವುದೂ ದುಡಿಯುವುದೂ ಒಂದೇ ಮಾಳಿಗೆಯ ಕೆಳಗೆ ಆದವರಿಗೆ ಒಂದು ಸಲ ಹೋದರೆ ಎರಡೂ ಹೋಯಿತು. ಕೊಳ್ಳದೆ ಬಿಟ್ಟರೋ, ಹನ್ನೆರಡನೆಯ ತಾರೀಖಿಗೆ ಸಂಚಕಾರವೂ ಹೋಯಿತು, ಮನೆಯೂ ಹೋಯಿತು, ಖಾರದ ಕಾಲವೂ ಹೋಯಿತು. ಭರಮುಗೆ ತಡೆದುಕೋ ಎನ್ನುವಂತೆಯೂ ಇಲ್ಲ. ಹದಿನೈದಕ್ಕೆ ಅವನು ಐನಾಪುರದಲ್ಲಿ ಹೊಲದ ಖರೀದಿ ಮಾಡಿಸಬೇಕು. ಮನೆಗೆ ಗಹಾಣವಿದೆ ಎಂದು ಗೊತ್ತಿದ್ದೇ ಅರ್ಧ ಬೆಲೆಗೆ ಕೇಳುತ್ತಿರುವವನೊಬ್ಬ ಅವನ ಬಾಗಿಲಲ್ಲಿ ಕೂತಿದ್ದಾನೆ.

ಇಷ್ಟೇ ಆಗಿದ್ದರೆ ನಿಮಗೆ ಬೈದು ಸುಮ್ಮನಾಗುತ್ತಿದ್ದೆ. ಮೊನ್ನೆ ಅಕ್ಕಿ ಆರಿಸುತ್ತ ಕೂತಾಗ ಸುಗಂಧಾ ತಲೆ ಎತ್ತದೆ ಕೇಳಿದಳು: "ಅತ್ಯಾ, ಸಿಟ್ಟಾಗಬ್ಯಾಡ. ಅದು ಗಾಳಾ ಅಂತ ನಿನಗ ಖರೇನ ಕಾಣಸ್ತೋ, ಇಲ್ಲಾ ನಮಗೊಂದು ಮನಿ ಆಗಲಿ ಅಂತ ಹಂಗ ಕಾಣಸ್ತೋ?"

ನನ್ನ ಬಲಗಣ್ಣಿಗೆ ಪೊರೆ ಬರುತ್ತಿದೆ. ಕಾಗದ ಹಳೆಯದು, ಮಸಿ ಮಾಸಿತ್ತು, ಅವರು ತೋರಿಸಿದ್ದೂ ಸ್ವಲ್ಪ ಹೊತ್ತು. ಅವತ್ತು ಎಳ್ಳಷ್ಟೂ ಸಂಶಯವಿರಲಿಲ್ಲ. ಈಗ ಕಣ್ಣು ಮುಚ್ಚಿ ಆ ಸಾಲನ್ನು ನೆನೆದರೆ ಒಮ್ಮೆ ಗಾಳಾ ಕಾಣುತ್ತದೆ, ಒಮ್ಮೆ ಗಹಾಣ. ಒಂದು ಕುಟುಂಬದ ಇಡೀ ಬಾಳನ್ನು ಆ ಮನೆಯೊಳಗೆ ಹಾಕಿರಿ ಎಂದು ಈ ಕಣ್ಣಿನ ಮೇಲೆ ಹೇಗೆ ಹೇಳಲಿ? ಬೇಡ ಎಂದಾದರೂ ಹೇಗೆ ಹೇಳಲಿ?

ಆದ್ದರಿಂದ ನನ್ನ ಬೇಡಿಕೆ ಒಂದೇ. ಫೆಬ್ರುವರಿ ಹನ್ನೆರಡರೊಳಗೆ ಮೋಡಿ ಬಲ್ಲವರೊಬ್ಬರನ್ನು, ಎಲ್ಲಿಂದಲಾದರೂ ಸರಿ, ಕರೆಸಿ. ಆ ಒಂದು ಸಾಲನ್ನು ಅವರಿಂದ ಓದಿಸಿ, ಕೆಳಗೆ ನಿಮ್ಮ ಸಹಿ ಹಾಕಿ ಕೊಡಿ. ನಾನು ತಪ್ಪು ಓದಿದ್ದರೆ ತಪ್ಪು ಎಂದೇ ಬರೆಯಿರಿ. ನಾನೇ ಮುಂದೆ ನಿಂತು ಅವರಿಗೆ ಆ ಮನೆಯ ಆಸೆ ಬಿಡಿಸುತ್ತೇನೆ, ನಿಮ್ಮ ಮೇಲೆ ಒಂದು ಮಾತೂ ಆಡುವುದಿಲ್ಲ. ಅದೂ ಆಗದಿದ್ದರೆ "ಈ ಕಾಗದದಲ್ಲಿ ಏನಿದೆಯೋ ನಮಗೆ ಗೊತ್ತಿಲ್ಲ" ಎಂದಾದರೂ ಬರೆದು ಶಿಕ್ಕಾ ಹೊಡೆಯಿರಿ. ನಿಮ್ಮ ಕಚೇರಿಯ ಪುಸ್ತಕದಲ್ಲಿ ಆ ಮನೆಯ ಬಗ್ಗೆ ಅದೊಂದಾದರೂ ಖರೆ ಮಾತು ಇರಲಿ.

ಇಂತಿ,
ತನಗೆ ಓದಲು ಬರುತ್ತದೆಂದು ಮೊನ್ನೆಯವರೆಗೂ ನಂಬಿದ್ದ
ಲಕ್ಷ್ಮಿಬಾಯಿ
ಅಲಖನೂರ, ೨೧ ಜನವರಿ ೧೯೯೪