ನಿಟ್ಟುಸಿರಿಗೊಂದು ಕಡುಬು

ಡಿಸೆಂಬರ್ 4, ಬೆಳಗ್ಗೆ

ಹೆತ್ತೂರು ಸೀಮೆಯ ಸಮಸ್ತ ಕಾಫಿ ಗಿಡಗಳೇ, ಮೆಣಸಿನ ಬಳ್ಳಿಗಳೇ, ಒಲೆ ಮುಂದೆ ಪವಡಿಸಿರುವ ಬೆಕ್ಕಿನ ಮಹಾರಾಣಿಯೇ! ಅಡುಗೆಮನೆ ಮಹಾವಿದ್ಯಾಲಯದ ಏಕೈಕ ವಿದ್ಯಾರ್ಥಿನಿ, ಏಳನೇ ಕ್ಲಾಸಿನ ಗಗನಾ ಎಂಬ ನಾನು ಈ ಮೂಲಕ ಘೋಷಿಸುವುದೇನೆಂದರೆ — ಇವತ್ತೂ ಭಿನ್ನರಾಶಿ.

ಸ್ಕೂಲ್ ವ್ಯಾನಿಗೆ ಒಂಟಿ ಆನೆ ಅಡ್ಡ ನಿಂತ ಮೇಲೆ ಅಮ್ಮ ನನ್ನನ್ನು ಕಳಿಸುತ್ತಿಲ್ಲ. ತಾನೇ ಪಾಠ. ಮೊರದಲ್ಲಿ ಕಾಫಿ ಬೀಜ ಹರಡಿ ಕಾಲು, ಅರೆ, ಮುಕ್ಕಾಲು...

ಡಿಸೆಂಬರ್ 6

ಮಹತ್ತರ ಸಂಶೋಧನೆ. ಕೆಳಗಿನ ರಸ್ತೆಯಲ್ಲಿ ವ್ಯಾನ್ ಹಾರ್ನ್ ಹೊಡೆಯಿತು. ಕಿಟಕಿಯಲ್ಲಿ ನಿಂತು ನಿಟ್ಟುಸಿರು ಬಿಟ್ಟೆ — ಸುಮ್ಮನೆ, ತಮಾಷೆಗೆ. ಅಮ್ಮನ ಮುಖ ಬಾಡಿತು. ಮಧ್ಯಾಹ್ನ ಕಡುಬು!

ಡಿಸೆಂಬರ್ 11

ಮತ್ತೆ ನಿಟ್ಟುಸಿರು. ಮತ್ತೆ ಕಡುಬು. ಕಣ್ಣೊರೆಸಿಕೊಂಡರೆ ಮೊಬೈಲ್ ಕೂಡ ಸಿಗುತ್ತದೆ. “ಫ್ರೆಂಡ್ಸೆಲ್ಲ ನನ್ನ ಮರ್ತಿರ್ತಾರೆ” ಅಂದೆ. ಲೆಕ್ಕಕ್ಕೇ ರಜೆ. ಸಾಮ್ರಾಜ್ಯ ಸುಭಿಕ್ಷ.

ಡಿಸೆಂಬರ್ 19

ಇವತ್ತಿನ ಕಡುಬನ್ನು ಬೆಕ್ಕಿನ ಮಹಾರಾಣಿಗೆ ಹಾಕಿಬಿಟ್ಟೆ.

ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಅಮ್ಮ ಅಪ್ಪನ ಮುಂದೆ ಅಳುತ್ತಿದ್ದಳು. “ನನ್ನ ಭಯಕ್ಕೆ ಮಗೀನ ಕೂಡಾಕ್ಬುಟ್ಟೆ ಕಣ್ರೀ. ದಿನಾ ಕಿಟಕೀಲಿ ನಿಂತು ಕೊರಗ್ತೈತೆ. ನಾನೂ ಒಬ್ಳು ತಾಯಿನಾ?”

ಅಪ್ಪ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್, ಮಾತು ಕಡಿಮೆ. ಅಂದದ್ದು ಇಷ್ಟೇ — “ಹಾಸನದಾಗೆ ನಮ್ಮಕ್ಕನ ಮನೇಲಿ ಬಿಡಾಣ. ಅಲ್ಲೇ ಓದ್ಕಳ್ಳಿ.”

ನಾನು ಕೇಳಿದ್ದು ಕಡುಬು. ಹಾಸನ ಅಲ್ಲ.

ಡಿಸೆಂಬರ್ 21

ಇಡೀ ದಿನ ನಕ್ಕೆ. ಹಾಡಿದೆ. “ಭಿನ್ನರಾಶಿ ಅಂದ್ರೆ ನಂಗೆ ಪ್ರಾಣ ಅಮ್ಮ” ಅಂದೆ. ಅಮ್ಮ ಇನ್ನೂ ಜೋರಾಗಿ ಅತ್ತಳು. “ನಂಗೆ ನೋವಾಗ್ಬಾರ್ದು ಅಂತ ನಾಟ್ಕ ಆಡ್ತೈತೆ ಕೂಸು!”

ನಾಟಕ ಆಡಿದಾಗ ನಂಬಿದಳು. ಈಗ ನಿಜ ಹೇಳಿದರೆ...

ಡಿಸೆಂಬರ್ 28, ಬೆಳಗ್ಗೆ

ಬ್ಯಾಗ್ ಬಾಗಿಲಲ್ಲಿ. ಜೀಪ್ ಇನ್ನೇನು ಬರುತ್ತದೆ. ಅಪ್ಪ ಕಣದಲ್ಲಿ ಕಾಫಿ ಹರಡಿಸುತ್ತಿದ್ದಾರೆ. ಅವರ ಫೋನ್ ಇಲ್ಲೇ, ಚಾರ್ಜಿಗೆ...

ಮಧ್ಯಾಹ್ನ

ಹೋಗಲಿಲ್ಲ! ಹೊರಡುವ ಹೊತ್ತಿಗೆ ಅಪ್ಪನ ನಂಬರಿನಿಂದ ಅಮ್ಮನಿಗೆ ಆನೆ ಗ್ರೂಪಿನ (ಆನೆ ಬಂದರೆ ಎಚ್ಚರಿಸುವ ವಾಟ್ಸಾಪ್ ಗ್ರೂಪ್) ಮೆಸೇಜ್ — ಒಂಟಿ ಸಲಗ ರಸ್ತೆಯಲ್ಲಿದೆ, ಯಾರೂ ಓಡಾಡಬೇಡಿ. ಅಮ್ಮ ಜೀಪ್ ಬೇಡವೆಂದು ಫೋನ್ ಮಾಡಿ, ಬ್ಯಾಗಿನ ಮೇಲೇ ಕುಸಿದಳು. “ಕಳ್ಸಕ್ಕೂ ಆಗ್ಲಿಲ್ಲ, ಕಲ್ಸಕ್ಕೂ ಆಗ್ಲಿಲ್ಲ. ಎಲ್ಲಾ ನನ್ನಿಂದ್ಲೇ.”

ಪಕ್ಕದ ಮನೆ ಕಲ್ಯಾಣಜ್ಜಿ ನನ್ನನ್ನು ಬೀಳ್ಕೊಡಲು ಬಂದಿದ್ದರು. ಬಾಯಿಯ ಎಲೆಅಡಿಕೆ ಉಗಿದು ಬಂದು ಅಮ್ಮನಿಗೆ ಹೇಳಿದರು: “ಅಲ್ಲ ಕಣೇ ಶೃತಿ, ಆ ಆನೇನ ನೀನು ಹಗ್ಗ ಕಟ್ಟಿ ಹಿಡ್ಕಂಡು ಬಂದಿದ್ದಾ? ಹದ್ದು ಬಂದ್ರೆ ಕೋಳಿ ಮರೀನ ರೆಕ್ಕೆ ಒಳೀಕೆ ಹಾಕ್ಕಂತದೆ. ಆಮೇಲೆ ಅಯ್ಯೋ ಕೂಡಾಕ್ಬುಟ್ನಲ್ಲ ಅಂತ ಕೂತ್ಕಂಡು ಅಳ್ತದಾ?”

ಅಮ್ಮ ನಕ್ಕಳು. ಎಷ್ಟೋ ದಿನಕ್ಕೆ! ಬ್ಯಾಗ್ ಬಿಚ್ಚಿದಳು. “ದಾರಿ ಸರಿಹೋಗಗಂಟ ಇಲ್ಲೇ ಓದ್ಲಿ, ಬುಡಿ.”

ಡಿಸೆಂಬರ್ 30

ಅಭ್ಯಾಸಬಲ. ಕಿಟಕಿಯಲ್ಲಿ ನಿಂತು ನಿಟ್ಟುಸಿರು ಬಿಟ್ಟುಬಿಟ್ಟೆ.

“ಉಸಿರು ಆಮೇಲೆ ಬುಡೀವಂತೆ. ಮುಕ್ಕಾಲ್ರಲ್ಲಿ ಅರೆ ಕಳಿ.” ಅಮ್ಮ ತಲೆಯನ್ನೂ ಎತ್ತಲಿಲ್ಲ. ಮಧ್ಯಾಹ್ನ ಬರೀ ಅನ್ನ, ಸಾರು. ಕಡುಬು ಸಾಮ್ರಾಜ್ಯ ಪತನ.

ಊಟದ ನಡುವೆ ಅಪ್ಪ ಫೋನ್ ನೋಡಿದರು. ಆಮೇಲೆ ನನ್ನನ್ನು. ಅವರ ತುತ್ತು ಕೈಯಲ್ಲೇ ಇತ್ತು. “ಇನ್ನೊಂಚೂರು ಸಾರು ಹಾಕು” ಎಂದರು ಅಮ್ಮನಿಗೆ. ಅಷ್ಟೇ.

ಆ ಆನೆಯನ್ನು ಹಗ್ಗ ಕಟ್ಟಿ ತಂದವಳು ನಾನು. ಗ್ರೂಪಿನ ಹಳೇ ಮೆಸೇಜ್, ಅಪ್ಪನ ಫೋನಿನಿಂದ ನಾನೇ ಕಳಿಸಿದ್ದು. ಅಮ್ಮನಿಗೆ ಹೇಳಿಬಿಡಬೇಕು. ಲೆಕ್ಕ ಮುಗಿದ ಕೂಡಲೇ. ಇಲ್ಲ, ಈಗ ನಗುತ್ತಿದ್ದಾಳೆ. ನಾಳೆ... ನಾಳೆ ಅವಳು ನಗುತ್ತಿಲ್ಲದಿದ್ದರೆ —