ಪೋಸ್ಟರಿನಲ್ಲಿ ಸತ್ತ ಅಕ್ಕ

ಭಾನುವಾರ, ಮಧ್ಯಾಹ್ನ

ಚಿರಂಜೀವಿ ತಮ್ಮನಿಗೆ, ಸತ್ತುಹೋದ ಅಕ್ಕನ ಆಶೀರ್ವಾದಗಳು.

ಮುಖ ಗಂಟು ಹಾಕಿಕೊಳ್ಳಬೇಡ, ನಿನ್ನ ಪಕ್ಷದವರೇ ಗೋಡೆಗೋಡೆಗೂ ಹಾಗೆ ಅಂಟಿಸಿದ್ದಾರೆ. ಆಸ್ಪತ್ರೆಯಿಂದ ಬರುವಾಗ ನೋಡಿದೆ. ಕಪ್ಪು ಅಂಚಿನೊಳಗೆ ನಾನು, ಕೆಳಗೆ 'ಹೊರಗಿನವರು ಕೊಂದ ನಮ್ಮ ಸೋದರಿ' ಎಂದು ದಪ್ಪಕ್ಷರ. ಹೊಲಿಗೆ ಅಂಗಡಿಯಲ್ಲಿ ತೆಗೆದ ಫೋಟೊ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದೇನೆ. ಬೇರೆ ಒಳ್ಳೆಯದು ಸಿಗಲಿಲ್ಲವೇನೋ?

ಸೇತುವೆ ಕುಸಿದು ನಾನು ಕಾಣದಾದಾಗ ನೀನು ಹೊಳೆದಂಡೆಯಲ್ಲಿ ಕೂತು ಅಳುತ್ತಿದ್ದೆಯಂತೆ. ಅದು ನಾಟಕವಲ್ಲ, ನನಗೆ ಗೊತ್ತು. ಆ ದುಃಖದಲ್ಲೇ ಫೋಟೊ ಕೊಟ್ಟಿದ್ದೀಯ, ಹೋಗಲಿ. ಆದರೆ ಬದುಕಿದ್ದೇನೆ ಎಂದು ಆಸ್ಪತ್ರೆಯಿಂದ ಫೋನ್ ಮಾಡಿಸಿದಾಗ ಏನಂದೆ? "ಹೇಗೂ ಬದುಕಿದೀಯಲ್ಲಕ್ಕಾ, ವೋಟು ಮುಗಿಯೋವರೆಗೂ ಎಲ್ಲೂ ಕಾಣಿಸ್ಕೋಬೇಡ." ಮುರಿದ ಮೂಳೆಗಿಂತ ಅದೇ ಹೆಚ್ಚು ನೋಯಿತು.

ಸೇತುವೆಯ ಕಬ್ಬಿಣದ ಕಂಬ ಬಿರುಕು ಬಿಟ್ಟಿದ್ದು ಇಂದು ನಿನ್ನೆಯದಲ್ಲ. ದಾಟುವಾಗಲೆಲ್ಲ ನಾವಿಬ್ಬರೂ ಬೈದುಕೊಂಡೇ ದಾಟಿದವರು. ಈಗ ನೋಡಿದರೆ, ಹೊರಗಿನಿಂದ ಬಂದ ವೆಲ್ಡರ್ ಅದನ್ನು ಬೇಕೆಂದೇ ಕೊಯ್ದನಂತೆ. ಜನ ಹೆದರಿ ಬಾಗಿಲು ಹಾಕಿಕೊಂಡಿದ್ದಾರೆ, ಆ ಬಾಗಿಲು ತಟ್ಟಿ ನೀವು ವೋಟು ಕೇಳುತ್ತಿದ್ದೀರಿ. ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಅಂದರೆ ಇದೇ ಕಣೋ.

ನನ್ನ ಜಡೆ ಹಿಡಿದು ನೀರಿನಿಂದ ಮೇಲಕ್ಕೆಳೆದವನು ಅದೇ ವೆಲ್ಡರ್. ನನ್ನನ್ನು ಕೊಂದ ಅಪರಾಧಕ್ಕೆ ಅವನು ಲಾಕಪ್ಪಿನಲ್ಲಿದ್ದಾನೆ. ನಾನು ಅವನ ಮನೆಯಲ್ಲಿ, ಅವನ ಮಂಚದ ಮೇಲೆ ಮಲಗಿದ್ದೇನೆ. ನಿನ್ನೆ ಸ್ಟೇಷನ್ನಿಗೆ ಹೋಗಿ ನಾನೇ ಅವಳು ಎಂದೆ. ಇನ್‌ಸ್ಪೆಕ್ಟರ್ ನನ್ನ ಮುಖವನ್ನೇ ನೋಡಲಿಲ್ಲ. ಸತ್ತಳೆಂದು ಬರೆದುಕೊಟ್ಟ ತಮ್ಮನೇ ಬಂದು ಬದುಕಿದ್ದಾಳೆ ಅನ್ನಲಿ, ಆಗ ನೋಡೋಣ ಎಂದ.

ಜಗಳವಾಡುವ ಶಕ್ತಿ ನನ್ನಲ್ಲಿಲ್ಲ, ಸಾಕಾಗಿದೆ. ನಾಳೆ ಬೆಳಿಗ್ಗೆ ಸ್ಟೇಷನ್ನಿಗೆ ಬಂದು "ಇವಳು ನನ್ನಕ್ಕ" ಅನ್ನು, ಅಷ್ಟೇ. ಬರದಿದ್ದರೆ ಸಂಜೆ ನನ್ನ ಶ್ರದ್ಧಾಂಜಲಿ ಸಭೆಗೆ ನಾನೇ ಬರುತ್ತೇನೆ. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಹಾಕಿಸಿರು, ನಿಂತು ಕೇಳಲು ಮಂಡಿ ಬಿಡುವುದಿಲ್ಲ.

ಇನ್ನೂ ಉಸಿರಾಡುತ್ತಿರುವ,
ನಿನ್ನ ಅಕ್ಕ

ತಾ.ಕ.: ಅಕ್ಷರ ನನ್ನದಲ್ಲ ಎಂದು ನಿನಗೆ ಗೊತ್ತಾಗಿರುತ್ತದೆ. ಬಲಗೈಗೆ ಪಟ್ಟಿ ಕಟ್ಟಿದ್ದಾರೆ, ನಾನು ಹೇಳಿದ್ದನ್ನು ಬರೆದವಳು ವೆಲ್ಡರನ ಹೆಂಡತಿ. ನಡುವೆ ನಿನಗೊಂದು ಶಾಪ ಹಾಕಿದ್ದೆ. ಅದೊಂದನ್ನು ಅವಳು ಬರೆಯಲಿಲ್ಲ. "ಬೇಡಕ್ಕಾ, ಹಾಗಂದ್ರೆ ಅವ್ರು ಬರೋದೇ ಇಲ್ಲ" ಎಂದಳು.