ಮುಟ್ಟಬಾರದ ವಾದ್ಯ

ಏನ್ರೀ,

ನಿಮ್ಮ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ. ಈಗ ಕಾಗದದ ಮೇಲೆ ಬರೆಯಲು ಹೋದರೂ ಕೈ ತಡೆಯುತ್ತದೆ. ಅದಕ್ಕೇ ಮನೆಯಲ್ಲಿ ಕರೆಯುತ್ತಿದ್ದ ಹಾಗೆಯೇ ಕರೆದಿದ್ದೇನೆ. ಓಗೊಡುವುದು ಬಿಡುವುದು ನಿಮಗೆ ಸೇರಿದ್ದು. ಬದುಕಿದ್ದಾಗ ಮಾತ್ರ ಒಂದೇ ಕೂಗಿಗೆ ‘ಹಾಂ’ ಅಂದವರೇ ನೀವು?

ನೀವು ಆ ಪೆಟ್ಟಿಗೆಯನ್ನು ಹಮಾಲನ ತಲೆಯ ಮೇಲೆ ಹೊರಿಸಿಕೊಂಡು ಕುರ್ಲಾದ ನಮ್ಮ ಚಾಳಿನ ಮೆಟ್ಟಿಲು ಹತ್ತಿ ಬಂದ ದಿನ ನಾನು ಮೊದಲು ನೋಡಿದ್ದು ನಿಮ್ಮ ಕೈಯನ್ನು. ಬೆಳಿಗ್ಗೆ ಪಿಟೀಲು ಹಿಡಿದು ಹೋದವರು ಬರಿಗೈಯಲ್ಲಿ ಬಂದಿದ್ದಿರಿ. ವಿಲಾಯತಿಗೆ ವಾಪಸು ಹೊರಟಿದ್ದ ಹೋಟೆಲ್ ಬ್ಯಾಂಡಿನ ಸಾಹೇಬನೊಬ್ಬನಿಗೆ ಅದನ್ನು ಕೊಟ್ಟು ಇದನ್ನು ಕೊಂಡೆ ಎಂದಿರಿ. ಸಂತೆಯಲ್ಲಿ ಕೊಳೆತ ಬದನೆಕಾಯಿ ಬದಲಿಸಿಕೊಂಡು ಬಂದವರ ಹಾಗೆ ಹೇಳಿಬಿಟ್ಟಿರಿ. ನನಗೆ ಮೈಯೆಲ್ಲ ಉರಿಯಿತು. ಲೋಕಲ್ ರೈಲಿನ ಬಾಗಿಲಿಗೆ ಸಿಕ್ಕು ನಿಮ್ಮ ಎಡಗೈಯ ಎರಡು ಬೆರಳು ಹೋದ ಮೇಲೂ ಆ ಪಿಟೀಲನ್ನು ದಿನಾ ಒರೆಸಿ ಗೋಡೆಗೆ ತೂಗುಹಾಕುತ್ತಿದ್ದವಳು ನಾನು. ಒಂದು ಮಾತು ಕೇಳಬಾರದಿತ್ತೇ?

ಪೆಟ್ಟಿಗೆ ಬಿಚ್ಚಿ ನೀವು ಅದನ್ನು ಮೇಜಿನ ಮೇಲೆ ಇಟ್ಟಾಗ ಇದೆಂಥ ವಾದ್ಯ ಎನ್ನಿಸಿತು. ರೇಡಿಯೋದಂಥ ಡಬ್ಬಿ, ಬಲಕ್ಕೆ ನೆಟ್ಟಗೆ ನಿಂತ ಹಿತ್ತಾಳೆ ಸರಳು, ಎಡಕ್ಕೆ ಅಡ್ಡವಾಗಿ ಚಾಚಿದ ದೊಡ್ಡ ಬಳೆ. ತಂತಿಯಿಲ್ಲ, ತೂತಿಲ್ಲ. ಹೆಸರು ಥೆರೆಮಿನ್. ಬಲಗೈಯನ್ನು ಸರಳಿನ ಹತ್ತಿರ ತಂದರೆ ಸ್ವರ ಏರುತ್ತದೆ, ದೂರ ಒಯ್ದರೆ ಇಳಿಯುತ್ತದೆ. ಎಡಗೈಯನ್ನು ಬಳೆಯ ಮೇಲೆ ಎತ್ತಿದರೆ ದನಿ ದೊಡ್ಡದು, ಇಳಿಸಿದರೆ ಸಣ್ಣದು. ಗಾಳಿಯಲ್ಲೇ ನುಡಿಸಬೇಕು, ಮುಟ್ಟಬಾರದು. ‘ಎಡಗೈಗೆ ಬೆರಳ ಬ್ಯಾಡ ನೋಡು ಇದಕ್ಕ,’ ಎಂದಿರಿ. ‘ಅಂಗೈ ಸಾಕು.’ ಆ ಮಾತು ಕೇಳಿದ ಮೇಲೆ ನನಗೆ ಸಿಟ್ಟು ಮಾಡಲಿಕ್ಕೆ ಏನು ಉಳಿಯಿತು ಹೇಳಿ.

ಅಂಧೇರಿಯ ಸ್ಟುಡಿಯೋದಲ್ಲಿ ದೆವ್ವದ ಚಿತ್ರವೊಂದಕ್ಕೆ ಸಂಗೀತ ಕೂಡಿಸುತ್ತಿದ್ದರು. ಯಾರೂ ಕೇಳಿರದ ದನಿ ಬೇಕೆಂದು ಮ್ಯೂಸಿಕ್ ಡೈರೆಕ್ಟರು ಹುಡುಕುತ್ತಿದ್ದ ಸುದ್ದಿಯನ್ನು ನಿಮ್ಮ ಗೆಳೆಯ, ಕೊಳಲಿನ ವಾಮನರಾಯರು ತಂದಿದ್ದರು. ಬೆರಳು ಹೋದ ಮೇಲೆ ಆರ್ಕೆಸ್ಟ್ರಾದವರು ನಿಮ್ಮನ್ನು ಕಂಡರೆ ಚಹಾ ಕುಡಿಸಿ ಕಳಿಸುತ್ತಿದ್ದರು, ಕುರ್ಚಿ ಕೊಡುತ್ತಿರಲಿಲ್ಲ. ಆ ಕುರ್ಚಿಯಲ್ಲಿ ಇನ್ನೊಂದು ಸಲ ಕೂರಬೇಕು, ಅಷ್ಟೇ ನಿಮಗೆ ಬೇಕಾಗಿದ್ದದ್ದು. ಪಾಪ, ಈ ವಾದ್ಯವನ್ನು ನಿಂತೇ ನುಡಿಸಬೇಕೆಂಬುದು ನಿಮಗೆ ಆಮೇಲೆ ತಿಳಿಯಿತು.

ಅದನ್ನು ಸೆಟ್ ಮಾಡಿದ ದಿನ ನೆನಪಿದೆಯೇ? ಹೊಸ ವಾದ್ಯಕ್ಕೆ ಪೂಜೆಯಾಗದೆ ಸ್ವರ ಹೊರಡಿಸಕೂಡದೆಂದು ನಿಮ್ಮ ಅವ್ವ ಅರಿಷಿಣ ಕುಂಕುಮ ಹಚ್ಚಿ, ನೀರು ಚಿಮುಕಿಸಿದ ಚೆಂಡುಹೂವಿನ ಮಾಲೆಯನ್ನು ಆ ಸರಳಿಗೆ ಹಾಕಿದರು. ನೀವು ಸ್ವಿಚ್ ಹಾಕಿ, ಒಳಗಿನ ವಾಲ್ವು ಬಿಸಿಯಾಗಲೆಂದು ಕಾದು, ಶ್ರುತಿ ಕೂಡಿಸುವ ತಿರುಪಣಿ ತಿರುಗಿಸುತ್ತಲೇ ಇದ್ದಿರಿ. ಕೈ ದೂರ ಇದ್ದಾಗ ಅದು ಸುಮ್ಮನಿರಬೇಕಂತೆ. ಅದೋ, ಒಂದೇ ಸಮನೆ ಊಳಿಡುತ್ತಿತ್ತು. ಸಾಹೇಬ ಮೋಸ ಮಾಡಿದ ಎಂದು ನಿಮ್ಮ ಮುಖ ಕಪ್ಪಿಟ್ಟಿತು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಕಡೆಗೆ ನಾನೇ ತಾಳಲಾರದೆ ಆ ಒದ್ದೆ ಮಾಲೆ ತೆಗೆದು ಅದರ ಬುಡದಲ್ಲಿ ಹಾಕಿದೆ. ಊಳು ಬೇರೆ ಸ್ವರಕ್ಕೆ ಜಿಗಿಯಿತು, ನೀವು ಒಂದು ಸಲ ತಿರುಪಣಿ ಆಡಿಸಿದಿರಿ, ಗಪ್ಪಾಯಿತು. ಕೊಳಾಯಿಯಿಂದ ಮಡಿನೀರು ತರುವಾಗ ಚಾಳಿನವರು ಯಾರೂ ಸೋಕದಂತೆ ದಿನಾ ಜಗಳ ಮಾಡುವ ನಿಮ್ಮ ಅವ್ವ ದೂರ ನಿಂತು ನೋಡಿ, ‘ನನಗಿಂತ ಮಡಿ ಅದ ಇದು. ಹತ್ರ ಹೋದ್ರ ಚೀರತದ,’ ಎಂದರು. ನೀವು ಬಿದ್ದು ಬಿದ್ದು ನಕ್ಕಿರಿ.

ಆಮೇಲೆ ಶುರುವಾಯಿತು ನೋಡಿ ನಿಮ್ಮ ಕಾರಭಾರ. ಇರುವುದು ಒಂದು ಖೋಲಿ. ಕೈಯೊಂದೇ ಅಲ್ಲ, ಹತ್ತಿರವಿದ್ದ ಯಾವ ಮೈಯನ್ನೂ ಆ ವಾದ್ಯ ಲೆಕ್ಕಕ್ಕೆ ಹಿಡಿಯುತ್ತಿತ್ತು, ಒಬ್ಬರು ಅಲುಗಿದರೂ ಅದರ ಶ್ರುತಿ ಅಲುಗುತ್ತಿತ್ತು. ನೀವು ಅಭ್ಯಾಸಕ್ಕೆ ನಿಂತರೆ ನಿಮ್ಮ ಅವ್ವ ಒಲೆಯ ಬಳಿ, ನಾನು ಕಿಟಕಿಯ ಕೆಳಗೆ, ಇಬ್ಬರೂ ಗೋಡೆಗೆ ಬರೆದ ಚಿತ್ರದ ಹಾಗೆ ಕೂರಬೇಕು. ಒಲೆಯ ಮೇಲೆ ಬೇಳೆ ಉಕ್ಕಿದರೂ ಏಳುವಂತಿಲ್ಲ. ಎಷ್ಟು ಸಲ ಬೈದಿಲ್ಲ ನಿಮಗೆ.

ಜ್ವರ ಬಂದು ನೀವು ಮಲಗಿದಾಗ ಮಂಚವನ್ನು ಆ ಮೇಜಿನ ಪಕ್ಕಕ್ಕೇ ಎಳೆಯಬೇಕಾಯಿತು. ಬೇರೆ ಜಾಗ ಎಲ್ಲಿತ್ತು? ವಿಷಮಜ್ವರ ಎಂದರು ಡಾಕ್ಟರು. ರೆಕಾರ್ಡಿಂಗಿನ ದಿನ ಗೊತ್ತಾಗಿತ್ತು, ನಿಮಗೆ ತಲೆ ಎತ್ತಲು ಬಲವಿಲ್ಲ. ಆಗ ನನ್ನನ್ನು ಎಬ್ಬಿಸಿ ನಿಲ್ಲಿಸಿದಿರಿ. ನಮ್ಮ ಅಪ್ಪ ಧಾರವಾಡದ ಓಣಿಗಳಲ್ಲಿ ಹರಿಕಥೆ ಮಾಡುವಾಗ ಹಿಂದೆ ನಿಂತು ಹಾಡುತ್ತಿದ್ದ ಹುಡುಗಿಗೆ ಸ್ವರ ಎಲ್ಲಿದೆ ಎಂದು ಹೇಳಿಕೊಡಬೇಕಿರಲಿಲ್ಲ, ಕೈ ಎಲ್ಲಿ ನಿಲ್ಲಬೇಕೆಂದಷ್ಟೇ ಹೇಳಿದಿರಿ. ‘ಇನ್ನೊಂದ್ ಸ್ವಲ್ಪ ಹಿಂದ... ಹಾಂ, ಸಾಕು.’ ನೀವು ಮಲಗಿದಲ್ಲೇ ಇದ್ದು, ಪೆಟ್ಟಿಗೆ ಸುಮ್ಮನಾಗುವ ಜಾಗ ಹುಡುಕಿಸಿ, ತಿರುಪಣಿಯ ಪಕ್ಕ ನನ್ನ ಕೈಯಿಂದ ಕುಂಕುಮದ ಗುರುತು ಇಡಿಸಿದಿರಿ. ನೀವು ಸೊರಗಿದಂತೆಲ್ಲ ಆ ಗುರುತು ಸರಿಯುತ್ತಿತ್ತು. ಹಳೆಯದನ್ನು ಒರೆಸಿ ಹೊಸದನ್ನು ಇಡುವಾಗ ಅದೇಕೆ ಸರಿಯುತ್ತಿದೆ ಎಂದು ನೀವೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕೊನೆಯ ಗುರುತು ಇಟ್ಟ ದಿನ ನನ್ನ ಸೆರಗು ಹಿಡಿದು ಒಂದು ಮಾತು ಹೇಳಿದಿರಿ. ‘ಯಾರ್ಯಾರೋ ಕೈ ಬೀಸಿ ಅದನ್ನ ಚೀರಸಬಾರದು, ಯಮುನಾ. ರೆಕಾರ್ಡಿಂಗ್ ದಿನ ಅದು ಹಾಡಬೇಕು.’ ಮರುದಿನ ಸಯನ್ನಿನ ಆಸ್ಪತ್ರೆಗೆ ಒಯ್ದೆವು. ಅಲ್ಲಿಂದ ನೀವು ಮನೆಗೆ ಬರಲಿಲ್ಲ.

ನಾನು ಅಳಲಿಲ್ಲ, ನೋಡ್ರಿ. ಅಳು ಬರಲೇ ಇಲ್ಲ. ಚಾಳಿನ ಹೆಂಗಸರು ಬಾಗಿಲಲ್ಲಿ ನಿಂತು ಕಲ್ಲಿನಂಥವಳು ಎಂದು ಪಿಸುಗುಟ್ಟಿದ್ದು ಕೇಳಿಸಿತು. ನನ್ನ ಹಣೆಯ ಕುಂಕುಮ ಹೋಯಿತು. ತಿರುಪಣಿಯ ಪಕ್ಕದ್ದನ್ನು ಯಾರೂ ಗಮನಿಸಲಿಲ್ಲ.

ಸೂತಕ ಇನ್ನೂ ಕಳೆದಿರಲಿಲ್ಲ, ಆಗ ವಾಮನರಾಯರು ಬಂದು ಹೊಸ್ತಿಲಾಚೆ ನಿಂತರು. ತಲೆ ತಗ್ಗಿಸಿಕೊಂಡೇ ಮಾತಾಡಿದರು. ರೆಕಾರ್ಡಿಂಗ್ ಗೊತ್ತಾದ ದಿನವೇ ಆಗಬೇಕು, ಮುಂದೆ ಹಾಕುವ ಹಾಗಿಲ್ಲ, ಪೆಟ್ಟಿಗೆ ಕೊಟ್ಟರೆ ಅಲ್ಲಿ ಯಾರಾದರೂ ಕೈ ಆಡಿಸಿ ಒಂದಿಷ್ಟು ದನಿ ಹೊರಡಿಸುತ್ತಾರೆ ಎಂದರು. ಯಾರಾದರೂ. ನೀವು ಬೇಡ ಎಂದದ್ದು ಅದೊಂದೇ. ನಾನು ನುಡಿಸಬಲ್ಲೆ ಎಂಬ ಮಾತು ಬಾಯಿಗೆ ಬಂತು, ಆದರೆ ಸೂತಕದವಳು ನಾನು. ನಮ್ಮ ಮನೆಯಲ್ಲಿ ಸೂತಕದಲ್ಲಿ ದೇವರನ್ನು ಮುಟ್ಟುವ ಹಾಗಿಲ್ಲ, ವಾದ್ಯವೂ ದೇವರೇ. ಅತ್ತೆಯವರ ಕಡೆ ನೋಡಲೂ ಧೈರ್ಯವಾಗಲಿಲ್ಲ. ಮಡಿಯ ವಿಷಯದಲ್ಲಿ ಹೆತ್ತ ಮಗನನ್ನೂ ಬಿಡದವರು...

ಅವರು ಗೋಡೆಗೆ ಮುಖ ಮಾಡಿ ಕೂತಿದ್ದರು. ಹಾಗೇ ಕೂತು, ತಿರುಗದೆ ಹೇಳಿದರು: ‘ಅದನ್ನೇನ್ ಮುಟ್ಟಬೇಕಾಗಿಲ್ಲಲ್ಲಾ. ಹೋಗು. ನನ್ನ ಮಗಂದು ಅದು.’

ವಾಮನರಾಯರನ್ನು ಒಳಗೆ ಕರೆದು, ನೋಡೋಣವೆಂದು ಅವರ ಕೈಯಿಂದಲೇ ಸ್ವಿಚ್ ಹಾಕಿಸಿದೆ. ವಾಲ್ವು ಬಿಸಿಯಾಗುವವರೆಗೆ ಕಾದೆವು. ತಿರುಪಣಿ ಕುಂಕುಮದ ಗುರುತಿನ ಮೇಲೆಯೇ ಇತ್ತು, ಕೂದಲೆಳೆಯಷ್ಟೂ ಸರಿದಿರಲಿಲ್ಲ. ಆದರೂ ಪೆಟ್ಟಿಗೆ ಸುಮ್ಮನಿರಲಿಲ್ಲ, ತಳದಲ್ಲಿ ಗುಂಯ್ ಎನ್ನುತ್ತಿತ್ತು. ಕೆಟ್ಟಿದೆ ಎಂದರು ಅವರು. ಕೆಟ್ಟಿರಲಿಲ್ಲ. ಆ ಗುರುತು ನೀವು ಪಕ್ಕದಲ್ಲಿ ಮಲಗಿದ್ದಾಗಿನದು, ಈಗ ಮಂಚ ಖಾಲಿಯಿತ್ತು. ಅದು ನನಗೆ ತಿಳಿದ ಆ ಗಳಿಗೆಯಲ್ಲಿ ನೀವು ಸತ್ತದ್ದು ನನಗೆ ನಿಜವಾಯಿತು. ಆಸ್ಪತ್ರೆಯಲ್ಲಿ ಅಲ್ಲ, ಮಸಣದಿಂದ ಗಂಡಸರು ಬರಿಗೈಯಲ್ಲಿ ಬಂದಾಗಲೂ ಅಲ್ಲ.

ಅಂಧೇರಿಗೆ ಹೋಗುವಾಗ ಲೋಕಲ್‌ನಲ್ಲಿ ಹೆಂಗಸರು ಮೈಗೆ ಮೈ ತಾಗಿಸಿ ನಿಂತರು, ಸೂತಕ ಯಾರಿಗೆ ಗೊತ್ತು. ಸ್ಟುಡಿಯೋದಲ್ಲಿ ಮಾತ್ರ ನಾನು ಏನನ್ನೂ ಮುಟ್ಟಲಿಲ್ಲ, ನೀರೂ ಕುಡಿಯಲಿಲ್ಲ. ವಾಮನರಾಯರು ತಿರುಪಣಿ ಹಿಡಿದರು, ನಾನು ‘ಇನ್ನೊಂದ್ ಸ್ವಲ್ಪ... ಹಾಂ, ಸಾಕ್ರಿ’ ಎಂದೆ. ಅದು ನಿಮ್ಮ ಮಾತು ಎಂದು ಅವರಿಗೂ ಗೊತ್ತಾಯಿತೇನೋ, ‘ಆತ್ರಿ, ವೈನಿ’ ಎಂದು ಹಿಂದೆ ಸರಿದರು. ಚಿತ್ರದಲ್ಲಿ ಸತ್ತ ಹೆಂಡತಿ ಬಾಗಿಲಾಚೆ ನಿಂತು ಗಂಡನನ್ನು ಕರೆಯುವ ದೃಶ್ಯವಂತೆ. ನಮ್ಮಲ್ಲಿ ಅದು ಹಿಂದುಮುಂದಾಗಿತ್ತು, ಅಷ್ಟೇ. ನಾನು ಕೈ ಎತ್ತಿದೆ. ಷಡ್ಜದಿಂದ ಪಂಚಮಕ್ಕೆ ಹೋಗುವಾಗ ಕೈ ನಡುಗಿತು, ಸ್ವರ ಬಿಕ್ಕಿತು. ತಡೆದು ಹಿಡಿಯಲು ನೋಡಿದೆ, ಆಗಲಿಲ್ಲ. ಗಾಜಿನ ಆಚೆ ಡೈರೆಕ್ಟರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಇನ್ನೊಂದು ಸಲ ನುಡಿಸಿ ಎಂದರು, ಎರಡನೆಯ ಸಲ ಕೈ ನಡುಗಲಿಲ್ಲ. ಮೊದಲಿನದನ್ನೇ ಇಟ್ಟುಕೊಂಡರು. ಆ ಬಿಕ್ಕು ಎಷ್ಟು ಚೆಂದ ಕೂಡಿಸಿದಿರಿ, ಎಲ್ಲಿ ಕಲಿತಿರಿ ಎಂದು ಹಿಂದಿಯಲ್ಲಿ ಕೇಳಿದರು. ಏನೆಂದು ಹೇಳಲಿ? ಮನೆಯಲ್ಲಿ ಎಂದೆ.

ಈಗ ನಿಮಗೆ ತಿಳಿಯದ ಸುದ್ದಿ. ಅವರು ಇನ್ನೊಂದು ಚಿತ್ರಕ್ಕೆ ಕರೆದಿದ್ದಾರೆ, ಈ ಸಲ ದೆವ್ವವಿಲ್ಲವಂತೆ, ಹಾಡಿನ ಹಿಂದೆ ನುಡಿಸಬೇಕಂತೆ. ದಿನಾ ಬೆಳಿಗ್ಗೆ ಅಭ್ಯಾಸ ಮಾಡುತ್ತೇನೆ. ಖಾಲಿ ಮಂಚಕ್ಕೆ ಸರಿಯಾಗಿ ಹೊಸ ಗುರುತು ಇಡಲು ಕುಂಕುಮದ ಭರಣಿ ತೆಗೆದಿದ್ದೆ. ಅತ್ತೆಯವರು ಬೇಡವೆಂದರು. ‘ಅವ ಇಟ್ಟದ್ದು ಇರಲಿ,’ ಎಂದು ಎದ್ದು ಬಂದು, ಮಡಿಯಲ್ಲಿರುವಾಗ ಎಂದೂ ಸೋಕದ ಆ ಮಂಚದ ಮೇಲೆ, ಆ ಹಾಸಿಗೆಯ ಮೇಲೆಯೇ, ಮಡಿಸೀರೆಯಲ್ಲೇ ಕಾಲು ಮುದುರಿ ಮಲಗಿದರು. ಗುಂಯ್ ಎನ್ನುವುದು ನಿಂತಿತು. ಕೊನೆಗೆ ನೀವು ನಿಮ್ಮ ಅವ್ವನಷ್ಟೇ ಆಗಿದ್ದಿರಿ, ಅಷ್ಟು ಸೊರಗಿದ್ದಿರಿ ಎಂದು ನನಗೆ ಆಗಲೇ ಹೊಳೆದದ್ದು.

ಅಂದಿನಿಂದ ದಿನಾ ಹಾಗೆಯೇ. ಅವರು ನಿಮ್ಮ ಜಾಗದಲ್ಲಿ ಅಲುಗದೆ ಮಲಗುತ್ತಾರೆ, ನಾನು ನುಡಿಸುತ್ತೇನೆ. ಒಮ್ಮೊಮ್ಮೆ ನಡುವೆ ಸ್ವರ ತಾನಾಗಿ ಏರಿ ನಡುಗುತ್ತದೆ, ನನ್ನ ಕೈ ಗಟ್ಟಿಯಾಗಿಯೇ ಇರುತ್ತದೆ. ಆಗ ನಾನು ಹಿಂದಿರುಗಿ ನೋಡುವುದಿಲ್ಲ. ಅವರ ಹೆಗಲು ಅಲುಗುವುದು ನಿಲ್ಲುವವರೆಗೆ ಕೈ ಹಾಗೇ ಹಿಡಿದುಕೊಂಡು ನಿಲ್ಲುತ್ತೇನೆ.

ನಿಮ್ಮವಳೇ,
ಯಮುನಾ